ಎಂಟು ಅಡಿ ಓಣಿಯ ಬನ್ನಿ

ಈ ಕಥೆಯನ್ನು ನಾನು ಹತ್ತಾರು ಸಲ ಹೇಳಿದ್ದೇನೆ. ಮದುವೆಯ ಮನೆಗಳಲ್ಲಿ, ಬಸ್ಸಿನಲ್ಲಿ, ಕಚೇರಿಯ ಚಹಾದ ಹೊತ್ತಿನಲ್ಲಿ. ಹೇಳಿದಾಗಲೆಲ್ಲ ಗಿಡ ನೆಟ್ಟವನು ನಾನು, ಅದನ್ನು ಬೋಳಿಸಿದವರು ಓಣಿಯ ಜನ. ಕೇಳಿದವರು ನಕ್ಕು, ‘ನಮ್ಮ ಮಂದೀನ ಹಿಂಗ ನೋಡ್ರಿ’ ಎಂದು ತಲೆಯಾಡಿಸುತ್ತಿದ್ದರು. ಎಲ್ಲರೂ ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಕಥೆಯಲ್ಲಿ ಏನೋ ಐಬು ಇರಬೇಕು ಎಂದು ನನಗೆ ಆಗಲೇ ಅನಿಸಬೇಕಿತ್ತು. ಅನಿಸಲಿಲ್ಲ. ಈಗ ಮತ್ತೆ ಬರೆಯುತ್ತಿದ್ದೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ.

ಬಿಸಿಲಿನಿಂದ ಶುರುಮಾಡುವುದು ಒಳ್ಳೆಯದು. ಅದರ ಬಗ್ಗೆ ನನಗೆ ಅನುಮಾನವಿಲ್ಲ.

ಗೋಕಾಕದಲ್ಲಿ ಬಿಸಿಲು ಮೇಲಿನಿಂದಷ್ಟೇ ಬರುವುದಿಲ್ಲ. ಊರ ಬೆನ್ನಿಗಿರುವ ಕಲ್ಲುಗುಡ್ಡ ದಿನವಿಡೀ ಅದನ್ನು ಕುಡಿದು ಸಂಜೆ ವಾಪಸು ಉಗುಳುತ್ತದೆ. ನಮ್ಮ ಓಣಿ ಹಳೆಯ ಊರಿನೊಳಗಿತ್ತು. ಅಗಲ ಎಂಟು ಅಡಿ, ಅದರಲ್ಲಿ ಒಂದಡಿ ಗಟಾರ. ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳು. ಅಪ್ಪನ ಕಾಲದಲ್ಲಿ ನಮ್ಮ ಮನೆಗೆ ಮಣ್ಣಿನ ಮಾಳಿಗೆ ಇತ್ತು. ಪ್ರತಿ ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ ಹೊಸ ಮಣ್ಣು ಹಾಕಿ ತುಳಿಯಬೇಕಿತ್ತು. ತುಳಿದು ತುಳಿದು ಬೇಸತ್ತು, ತೊಂಬತ್ತರ ದಶಕದ ಮೊದಮೊದಲಿಗೆ ನಾನೇ ಅದನ್ನು ಕೆಡವಿಸಿದೆ. ಹಿಂದಿನ ಭಾಗಕ್ಕೆ ಸ್ಲ್ಯಾಬ್ ಬಿತ್ತು, ಮುಂದಿನ ಖೋಲಿಗೆ ತಗಡು ಬಿತ್ತು. ತಗಡು ತಾತ್ಕಾಲಿಕ ಎಂದಿದ್ದೆ. ಹದಿನೈದು ವರ್ಷ ಅದೇ ಇತ್ತು.

ಆ ತಗಡಿನ ಖೋಲಿಯಲ್ಲಿ ನನ್ನ ಹೆಂಡತಿಯ ಹೊಲಿಗೆ ಮಷೀನು ಇತ್ತು. ಖೋಲಿಯ ಬಾಗಿಲು ಪಡುವಣಕ್ಕೆ. ಮಧ್ಯಾಹ್ನ ಎರಡು ದಾಟಿದರೆ ಬಿಸಿಲು ಬಾಗಿಲಿನಿಂದ ನೇರ ಒಳಗೆ ಬಂದು ಮಷೀನಿನ ಗಾಲಿಯ ಮೇಲೆ ಕೂಡುತ್ತಿತ್ತು. ಮೇಲಿನಿಂದ ತಗಡು ಕಾಯುತ್ತಿತ್ತು. ಮದುವೆಗಳೆಲ್ಲ ಬೇಸಿಗೆಯಲ್ಲಿ, ಜಂಪರು ಹೊಲಿಸುವವರೆಲ್ಲ ಬೇಸಿಗೆಯಲ್ಲಿ. ಒಂದು ಮೇ ತಿಂಗಳಲ್ಲಿ ಅವಳು ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಪಕ್ಕಕ್ಕೆ ವಾಲಿದಳು. ಹಣೆ ಮಷೀನಿನ ಅಂಚಿಗೆ ಬಡಿದು ಗಾಯವಾಯಿತು. ಡಾಕ್ಟರು ಉಪ್ಪು ಸಕ್ಕರೆಯ ನೀರು ಕುಡಿಸಿ, ‘ಆ ಖೋಲಿಯಾಗ ಹನ್ನೆರಡರಿಂದ ಐದರ ತನಕ ಕುಂಡ್ರಬ್ಯಾಡ್ರಿ’ ಎಂದರು.

ಮನೆಗೆ ಬಂದ ಮೇಲೆ ಅವಳು ನನಗೆ ಹೇಳಿದ್ದು ಇಷ್ಟು: ‘ಮುಂಜಾನೆ ನಳದ ಮುಂದ, ಆಮ್ಯಾಲ ಒಲಿ ಮುಂದ, ಸಂಜೀಕ ಮತ್ತ ಒಲಿ ಮುಂದ. ನಂದು ಅಂತ ಇರೋದ ಆ ಹನ್ನೆರಡರಿಂದ ಐದು. ಅದನ್ನೂ ಡಾಕ್ಟರು ಕಸಗೊಂಡ್ರು.’

ನಡುಮನೆಯಲ್ಲಿ ಸೂಜಿಗೆ ದಾರ ಪೋಣಿಸುವಷ್ಟು ಬೆಳಕಿರಲಿಲ್ಲ. ತಗಡಿನ ಮೇಲೆ ಗೋಣಿಚೀಲ ಹಾಸಿ ನೀರು ಹಾಕಿದೆವು. ಅರ್ಧ ಗಂಟೆಗೆ ಒಣಗುತ್ತಿದ್ದವು. ಕೊಣ್ಣೂರಿನ ಕಡೆಯ ಪರಿಚಯದವರೊಬ್ಬರಿಂದ ಕಬ್ಬಿನ ಒಣಗಿದ ಸೋಗೆ, ನಮ್ಮ ಕಡೆ ರವದಿ ಅನ್ನುತ್ತಾರೆ, ಒಂದು ಗಾಡಿ ತರಿಸಿ ಮೇಲೆ ಹೊದಿಸಿದೆ. ತಂಪಾಯಿತು, ಸುಳ್ಳಲ್ಲ. ಹದಿನೈದು ದಿನದಲ್ಲಿ ಇಲಿ ಸೇರಿಕೊಂಡವು. ಪಕ್ಕದ ಮನೆಯ ಒಲೆಯ ಕಿಡಿ ಹಾರಿದರೆ ಓಣಿಗೆ ಓಣಿಯೇ ಹೋದೀತು ಎಂದು ಎಲ್ಲರೂ ಹೆದರಿದರು. ಇಳಿಸಿದೆ.

‘ಬಾಗಲಾ ಮುಂದ ಒಂದ ಗಿಡಾ ಹಚ್ರಿ’ ಅಂದಳು ಅವಳು. ‘ಊರ ತುಂಬ ಹಚ್ಚತೀರಿ.’

ಊರ ತುಂಬ ಹಚ್ಚುತ್ತಿದ್ದದ್ದು ಖರೆ. ನಾನು ಊರಾಡಳಿತದ ಕಚೇರಿಯಲ್ಲಿ ಗುಮಾಸ್ತ. ಯಾರಿಗೂ ಬೇಡವಾಗಿದ್ದ ಗಿಡದ ಕಡತ ನನ್ನ ಮೇಜಿಗೆ ಬಂದಿತ್ತು. ಮಳೆಗಾಲದಲ್ಲಿ ಸಸಿಗಳು ಬರುತ್ತಿದ್ದವು, ನೆಡಿಸುತ್ತಿದ್ದೆ. ಬದುಕಿದವು ಕಡಿಮೆ. ಮುಂದಿನ ಮಳೆಗೆ ಆಳುಗಳಿಗೆ ಅವೇ ಗುಂಡಿಗಳನ್ನು ತೋರಿಸುತ್ತಿದ್ದೆ, ಅಗೆಯುವ ಶ್ರಮವಾದರೂ ಉಳಿಯಲಿ ಎಂದು. ಓಣಿಯವರು ನನ್ನನ್ನು ‘ಗಿಡದ ಸಾಹೇಬ’ ಅನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು ಕುಹಕ ಎಷ್ಟು ಎಂದು ಅಳೆಯಲು ಹೋಗಲಿಲ್ಲ.

ಅವಳಿಗೆ ಬೇವು ಬೇಕಿತ್ತು. ನಾನು ಬೇಡ ಅಂದೆ. ಬೇವು ಅಗಲವಾಗುತ್ತದೆ, ಬೇರು ಗಟಾರ ಒಡೆಯುತ್ತದೆ, ಯಾರಾದರೊಬ್ಬರು ಕೊಡಲಿ ತರುತ್ತಾರೆ. ನಾನು ಬಹಳ ಯೋಚಿಸಿ ಬನ್ನಿ ಆರಿಸಿದೆ. ನೀರು ಬೇಡುವುದಿಲ್ಲ. ಬೇರು ಆಳಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಬನ್ನಿಯನ್ನು ನಮ್ಮ ಕಡೆ ಯಾರೂ ಕಡಿಯುವುದಿಲ್ಲ. ದೇವರ ಗಿಡ. ಓಣಿಯಲ್ಲಿ ಗಿಡ ಉಳಿಸಲು ಬೇಲಿಗಿಂತ ಭಕ್ತಿ ಗಟ್ಟಿ ಎಂದು ನನ್ನ ಲೆಕ್ಕ. ಈ ಲೆಕ್ಕವನ್ನು ಕಚೇರಿಯಲ್ಲೂ ಹೇಳಿ ಮೆಚ್ಚುಗೆ ಪಡೆದಿದ್ದೆ.

ನೆಡುವ ದಿನ ಎದುರುಮನೆಯ ಕಾಕಾ ತಮ್ಮ ಕಟ್ಟೆಯ ಮೇಲೆ ಬಂದು ನಿಂತರು. ಜೈನರ ಮನೆ, ಬೆಲ್ಲ ಮತ್ತು ಕಾಳುಕಡಿಯ ವ್ಯಾಪಾರ, ಮನೆಯೊಳಗೆ ಮರಾಠಿ, ಕಟ್ಟೆಗೆ ಬಂದರೆ ಕನ್ನಡ. ಓಣಿಯಲ್ಲಿ ಅವರೇ ಹಿರಿಯರು.

‘ಎಂಟ ಫೂಟ ಓಣ್ಯಾಗ ಗಿಡಾ ಹಚ್ಚಾಕತ್ತೀರಿ, ಸಾಹೇಬರ? ನಾ ದಪ್ಪಗಾದ್ರ ನಮ್ಮನಿಯಾಕಿ ಬೈತಾಳ. ಗಿಡಾ ದಪ್ಪಾದ್ರ ಯಾರ ಬೈಯ್ಯಾವ್ರು?’

‘ಬನ್ನಿ ರೀ ಕಾಕಾ. ದಪ್ಪ ಆಗೂದಿಲ್ಲ.’

‘ಬನ್ನಿ?’ ಕಾಕಾ ಚಪ್ಪಲಿ ಬಿಟ್ಟು ಕೆಳಗಿಳಿದು ಬಂದರು. ‘ಹಂಗಾರ ಮೊದಲ ಹೇಳಬಾರದೇನು?’ ತಾವೇ ಒಂದು ತಂಬಿಗೆ ನೀರು ತಂದು ಹಾಕಿದರು. ನನ್ನ ಲೆಕ್ಕ ಸರಿಯಾಯಿತು ಎಂದು ಹೆಂಡತಿಯ ಕಡೆ ನೋಡಿದೆ. ಅವಳು ಬೇವಿನ ಬಗ್ಗೆಯೇ ಯೋಚಿಸುತ್ತಿದ್ದಳು ಅನಿಸುತ್ತದೆ. ನೆಡುವಾಗ ನನ್ನ ಹೆಬ್ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂತು. ಇದನ್ನು ನಾನು ಯಾವಾಗಲೂ ಹೇಳುತ್ತೇನೆ.

ಎರಡು ಮೂರು ವರ್ಷ ಅದನ್ನು ಸಾಕಿದವಳು ಅವಳು. ಅಕ್ಕಿ ತೊಳೆದ ನೀರು, ಮುಖ ತೊಳೆದ ನೀರು. ಜಾಲಿಮುಳ್ಳಿನ ಬೇಲಿಗೆ ಜಂಪರಿನ ತುಂಡುಬಟ್ಟೆ ಕಟ್ಟಿ ಆಡುಗಳನ್ನು ಬೆದರಿಸಿದಳು. ಗಿಡ ಅವಳ ಸೊಂಟಕ್ಕೆ ಬಂತು, ಹೆಗಲಿಗೆ ಬಂತು, ನನ್ನ ತಲೆ ದಾಟಿತು. ಬೇಸಿಗೆಯಲ್ಲಿ ನಾಲ್ಕು ಗಂಟೆಗೆ ಅದರ ನೆರಳು ಎಲ್ಲಿಗೆ ಮುಟ್ಟುತ್ತದೆ ಎಂದು ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು. ಮೊದಲ ಗೆರೆ ಹೊಸ್ತಿಲ ಹೊರಗೆ. ಮರುವರ್ಷದ್ದು ಹೊಸ್ತಿಲ ಮೇಲೆ. ಅದರ ಮರುವರ್ಷದ್ದು ಹೊಸ್ತಿಲು ದಾಟಿ ಒಳಗೆ ಎರಡು ಗೇಣು. ಮಷೀನಿನ ಕಾಲಿಗೆ ಇನ್ನೊಂದು ಗೇಣು ಬಾಕಿ.

‘ಬರೋ ಬ್ಯಾಸಗಿಗೆ ಗಾಲಿಗೆ ಮುಟ್ಟತೈತಿ’ ಎಂದು ಟೇಪು ಕೊರಳಿಗೆ ಹಾಕಿಕೊಂಡಳು. ಆ ದಿನ ಅವಳು ನಕ್ಕದ್ದು ನೆನಪಿದೆ. ಅಥವಾ ನಕ್ಕಿರಬೇಕು ಎಂದು ನಾನು ಆಮೇಲೆ ಸೇರಿಸಿದ್ದೇನೆ.

ಆ ವರ್ಷದ ದಸರೆ.

ವಿಜಯದಶಮಿಯ ಸಂಜೆ ನಮ್ಮ ಊರುಗಳಲ್ಲಿ ಎಲ್ಲರೂ ಊರ ಹೊರಗಿನ ಬನ್ನಿಕಟ್ಟೆಗೆ ಹೋಗುತ್ತಾರೆ. ಎಲೆ ತಂದು ಮೊದಲು ದೇವರಿಗೆ, ಆಮೇಲೆ ಹಿರಿಯರಿಗೆ, ಆಮೇಲೆ ಎದುರಿಗೆ ಸಿಕ್ಕವರಿಗೆಲ್ಲ ಕೊಟ್ಟು, ‘ಬನ್ನಿ ತಗೊಂಡು ಬಂಗಾರದ್ಹಾಂಗ ಇರೂನು’ ಅನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಎಲೆ ಹಿಡಿದು ಬಂದರೆ ಕೈಯೊಡ್ಡಲೇಬೇಕು. ಆ ವರ್ಷ ದಶಮಿಯ ದಿನವೂ ಮಳೆ ಬಿಟ್ಟಿರಲಿಲ್ಲ. ಬನ್ನಿಕಟ್ಟೆಯ ದಾರಿ ಮೊಣಕಾಲುದ್ದ ಕೆಸರು. ಹೊಸ ಸೀರೆಯವರು, ಮಡಿಪಂಚೆಯವರು ಎಲ್ಲರೂ ಓಣಿಯಲ್ಲೇ ನಿಂತುಬಿಟ್ಟರು. ಓಣಿಯಲ್ಲೇ ಒಂದು ಬನ್ನಿ ಇತ್ತು.

ಇಲ್ಲಿಂದ ನಾನು ಹೇಳುತ್ತಿದ್ದ ಕಥೆ ಹೀಗೆ: ಕಚೇರಿಯಿಂದ ನಾನು ಮನೆಗೆ ಬರುವಷ್ಟರಲ್ಲಿ ಗಿಡವಿರಲಿಲ್ಲ, ಕೋಲಿತ್ತು. ಕೈಗೆಟಕುವ ಎಲೆ ಹರಿದಿದ್ದರು, ಎಟಕದ್ದನ್ನು ಟೊಂಗೆ ಬಗ್ಗಿಸಿ ಹರಿದಿದ್ದರು, ಬಗ್ಗದ್ದನ್ನು ಮುರಿದಿದ್ದರು. ತುದಿ ಮುರಿದು ತೊಗಟೆಗೆ ಜೋತುಬಿದ್ದಿತ್ತು. ಎಲ್ಲರೂ ಬನ್ನಿ ಹಿಡಿದು, ನಗುನಗುತ್ತ, ನನಗೇ ಕೊಡಲು ಬಂದರು.

ಇದರಲ್ಲಿ ಒಂದು ಭಾಗವನ್ನು ಯಾರಿಗೂ ಹೇಳುತ್ತಿರಲಿಲ್ಲ. ಗೌರವದಿಂದ ಓಣಿಯ ಹೆಂಗಸರೆಲ್ಲ ಮೊದಲು ನಮ್ಮ ಮನೆಗೇ ಬಂದರು, ಗಿಡ ಸಾಕಿದವಳು ಅವಳಲ್ಲವೇ. ಒಬ್ಬೊಬ್ಬರೂ ಅವಳ ಕೈಗೆ ಎಲೆ ಕೊಟ್ಟು ಕುಂಕುಮ ಹಚ್ಚಿಸಿಕೊಂಡು ಹೋದರು. ಅವಳು ತೆಗೆದುಕೊಂಡು ಆರತಿಯ ಹರಿವಾಣದಲ್ಲಿ ಇಡುತ್ತ ಹೋದಳು. ಕೊನೆಗೆ ಹರಿವಾಣ ತುಂಬಿ ನೆಲಕ್ಕೆ ಚೆಲ್ಲಿತು.

‘ಗಿಡಾ ಪೂರಾ ನಮ್ಮ ಮನಿಯೊಳಗ ಬಂತು ನೋಡ್ರಿ’ ಅಂದಳು. ಕೋಪದಿಂದ ಹೇಳಲಿಲ್ಲ. ಮರುದಿನ ನೆಲ ಸಾರಿಸುವಾಗ, ಅದುವರೆಗೆ ಬಿಟ್ಟು ಸಾರಿಸುತ್ತಿದ್ದ ಗೆರೆಗಳನ್ನೂ ಒರೆಸಿದಳು.

ಮುಂದಿನ ಬೇಸಿಗೆಗೆ ಕೋಲಿನ ಬದಿಯಿಂದ ನಾಲ್ಕು ಚಿಗುರು ಬಂದವು. ಅಷ್ಟೇ. ಎದುರುಮನೆಯ ಕಾಕು, ಅಂದರೆ ಕಾಕಾನ ಹೆಂಡತಿ, ತಾನೇ ಬಂದು, ‘ನಮ್ಮ ಕಟ್ಟಿ ಮ್ಯಾಲ ಮಧ್ಯಾಹ್ನಾ ನೆರಳ ಇರತೈತಿ, ಮಷೀನ ಇಲ್ಲೆ ತಂದ ಇಟಗೋವಾ’ ಎಂದಳು. ಅವರ ಮನೆ ನಮ್ಮ ಪಡುವಣಕ್ಕಿತ್ತು. ಬಿಸಿಲು ಅವರ ಬೆನ್ನಿಗೆ, ನೆರಳು ಅವರ ಮುಂದಕ್ಕೆ. ಹಾಗಾಗಿ ಬೇಸಿಗೆಯ ಪ್ರತಿ ಮಧ್ಯಾಹ್ನ ಮಷೀನು ಓಣಿ ದಾಟುತ್ತಿತ್ತು. ಸಂಜೆ ಮರಳುತ್ತಿತ್ತು. ಒಬ್ಬರಿಂದ ಎತ್ತಲಾಗದು. ಕಾಕು ಒಂದು ಕಡೆ ಹಿಡಿಯಬೇಕು, ಇವಳು ಒಂದು ಕಡೆ.

ಪರರ ಕಟ್ಟೆಯ ನೆರಳಿನಲ್ಲಿ ಕೂತವಳು ಪರರ ಮಾತೂ ಕೇಳಬೇಕಾಗುತ್ತದೆ. ಹೋಗುವವರು ಬರುವವರು ಅವಳು ಹೊಲಿಯುತ್ತಿದ್ದ ಜಂಪರು ಎತ್ತಿ ನೋಡಿ, ‘ಇದು ಯಾರದು? ಇಷ್ಟ ಅಗಲ?’ ಅನ್ನುತ್ತಿದ್ದರು. ಹೊಲಿಸಲು ಬಂದ ಹೆಂಗಸರು ಕಾಕಾನ ಮುಂದೆ ಅಳತೆ ಕೊಡಲು ನಾಚಿ ಮರಳಿ ಹೋಗುತ್ತಿದ್ದರು. ಕಾಕಾ ದಿನಕ್ಕೊಂದು ಹರಕು ಧೋತರ ತಂದು, ‘ನಿನ್ನ ಮಷೀನ ನಮ್ಮ ಕಟ್ಟಿ ಮ್ಯಾಲ ಐತೆಲ್ಲ ತಂಗಿ, ಬಾಡಿಗಿ ಅಂತ ತಿಳಕೋ’ ಎಂದು ನಗುತ್ತಿದ್ದರು. ಚೇಷ್ಟೆಯೇ. ಆದರೆ ಧೋತರ ಹೊಲಿಯಬೇಕಿತ್ತು. ಯಾರೂ ಅವಳನ್ನು ನೋಯಿಸಲಿಲ್ಲ. ಅವಳು ಆ ಕಟ್ಟೆಯ ಮೇಲೆ ಎಂದೂ ಬೆನ್ನು ಆನಿಸಿ ಕೂಡಲಿಲ್ಲ.

ಕಚೇರಿಯಿಂದ ಬರುವಾಗ ನನಗೊಂದು ರೂಢಿಯಾಯಿತು. ಓಣಿಯ ಬಾಯಲ್ಲಿ ನಿಂತು ಮಷೀನಿನ ಸದ್ದು ಎಡಕ್ಕೋ ಬಲಕ್ಕೋ ಎಂದು ಕೇಳುವುದು. ಬಲಕ್ಕೆ ನಮ್ಮ ಮನೆ. ಎಡಕ್ಕೆ ಕಾಕಾನ ಕಟ್ಟೆ. ಬೇಸಿಗೆಯಲ್ಲಿ ಸದ್ದು ಎಡಕ್ಕೇ ಇರುತ್ತಿತ್ತು.

ಬನ್ನಿ ಸಾಯಲಿಲ್ಲ. ಪ್ರತಿ ಮುಂಗಾರಿಗೆ ಒಂದಿಷ್ಟು ಬೆಳೆಯುತ್ತಿತ್ತು, ಪ್ರತಿ ದಸರೆಗೆ ಅಷ್ಟನ್ನೂ ಕಳೆದುಕೊಳ್ಳುತ್ತಿತ್ತು. ಒಮ್ಮೆ ಓಣಿಗೆ ದಶಮಿ ಬಂದ ಮೇಲೆ ಮುಂದಿನ ವರ್ಷಗಳಲ್ಲಿ ಮಳೆ ಇಲ್ಲದಿದ್ದರೂ ಬನ್ನಿಕಟ್ಟೆಯವರೆಗೆ ಯಾರು ನಡೆಯುತ್ತಾರೆ? ‘ನಮ್ಮ ಓಣಿ ಬನ್ನಿ’ ಎಂದು ಪಕ್ಕದ ಓಣಿಯವರಿಗೆ ಹೇಳಿಕೊಳ್ಳುತ್ತಿದ್ದರು. ಪಕ್ಕದ ಓಣಿಯವರೂ ಬರುತ್ತಿದ್ದರು. ದಸರೆಯ ದಿನ ಬನ್ನಿ ಹರಿಯಬೇಡಿ ಅನ್ನುವುದು ಹೇಗೆ? ಗುಮಾಸ್ತನಿಗೆ ಅಂಥ ಧೈರ್ಯದ ಕಡತ ಯಾರೂ ಕೊಟ್ಟಿರಲಿಲ್ಲ.

ಆಮೇಲೆ ನನಗೆ ಮೂಡಲಗಿಗೆ ವರ್ಗವಾಯಿತು. ದಿನಾ ಬಸ್ಸು. ಅಲ್ಲಿಯೂ ಗಿಡದ ಕಡತ ನನಗಿಂತ ಮೊದಲೇ ಬಂದು ಮೇಜಿನ ಮೇಲೆ ಕೂತಿತ್ತು. ರಸ್ತೆಯ ಬದಿಗೆ ನೆಡಿಸಿದ ಸಸಿಗಳನ್ನು ಒಬ್ಬ ಕುರುಬ ಅಜ್ಜನ ಆಡುಗಳು ಒಂದೇ ಬೆಳಗಿನಲ್ಲಿ ಮುಗಿಸಿದವು. ಬೈಯಲು ಹೋದೆ. ಅಜ್ಜ ಕಂಬಳಿ ಹೆಗಲಿಗೆ ಏರಿಸಿ ನಕ್ಕ.

‘ಆಡಿನ ಬಾಯಿಗೆ ಬೀಗಾ ಹಾಕಾಕ ಬರತೈತೇನ್ರಿ ಸಾಹೇಬ್ರ? ಹಸದ ಆಡ ಹಸರ ಕಂಡರ ತಿಂತೈತಿ. ಅದರ ಧರ್ಮ ಅದು.’

‘ನಿಮ್ಮ ಧರ್ಮ ಏನಪಾ ಅಜ್ಜಾ?’

‘ತೋಟದ ಮುಂದ ಹಾಯಿಸಬೇಕಾದ್ರ ಮೊದಲ ಹೊಟ್ಟಿ ತುಂಬಸತೇನಿ. ಇಲ್ಲೆ ತೋಟ ಅಂತ ನಂಗೇನ ಗೊತ್ತು? ನಾಕ ಕಡ್ಡಿ ಊರೀರಿ.’

ಇಬ್ಬರೂ ಚಹಾದಂಗಡಿಯ ಮುಂದೆ ಕೂತೆವು. ಅವನಿಗೆ ನನ್ನ ಬನ್ನಿಯ ಕಥೆ ಹೇಳಿದೆ, ಎಲ್ಲರಿಗೂ ಹೇಳುವ ಹಾಗೆಯೇ. ಬೇರೆಯವರ ಹಾಗೆ ಅವನು ತಲೆಯಾಡಿಸಲಿಲ್ಲ.

‘ನಾವೂ ಬನ್ನಿ ಕಡೀತೇವ್ರಿ, ಆಡಿಗೆ. ಕೆಳಗಿನ ಟೊಂಗಿ ಅಷ್ಟ. ತುದಿ ಮುಟ್ಟೂದಿಲ್ಲ. ಗಿಡದ ಕಣ್ಣ ಅದು.’ ಸ್ವಲ್ಪ ಹೊತ್ತು ಚಹಾ ಊದಿದ. ‘ಮಂದಿ ಅಂದ್ರೂ ಹಸದ ಆಡ. ಹೊಟ್ಟಿ ತುಂಬಿಸದೆ ಗಿಡದ ಮುಂದ ನಿಂದರಿಸೀರಿ.’ ಆಮೇಲೆ ಕೇಳಿದ: ‘ಅವತ್ತ ನೀವ ಎಲ್ಲಿದ್ರಿ?’

‘ಕಚೇರ್ಯಾಗ’ ಅಂದೆ.

ಅವನು ಹೌದೌದು ಎಂದ. ಬಸ್ಸಿನಲ್ಲಿ ಮರಳುವಾಗ ಅವನ ಹಸಿದ ಆಡಿನ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಕೊನೆಯ ಪ್ರಶ್ನೆ ಸುತ್ತಲಿಲ್ಲ.

ಅಜ್ಜ ಹೇಳಿದ ಹಾಗೆ ಮಂದಿಯ ಹೊಟ್ಟೆ ಮೊದಲು ತುಂಬಿಸಲು ನನಗೆ ಇನ್ನೂ ಎರಡು ದಸರೆ ಬೇಕಾದವು. ಒಂದನ್ನು ಮರೆತೆ. ಇನ್ನೊಂದಕ್ಕೆ ಬೇಸರವಿತ್ತು, ಒಂದು ಗಿಡಕ್ಕೆ ಇಷ್ಟೆಲ್ಲ ಯಾಕೆ ಎಂದು. ಅಷ್ಟರಲ್ಲಿ ಹುಕ್ಕೇರಿಗೆ ವರ್ಗವಾಗಿತ್ತು. ಆ ಮೇ ತಿಂಗಳಲ್ಲಿ ಕಾಕುವಿಗೆ ಸೊಂಟ ಹಿಡಿಯಿತು. ಮಷೀನು ಓಣಿ ದಾಟುವುದು ನಿಂತಿತು. ನನ್ನ ಹೆಂಡತಿ ಯಾರಿಗೂ ಹೇಳದೆ ತಗಡಿನ ಖೋಲಿಯಲ್ಲೇ ಕೂತು ಹೊಲಿದಳು, ತಲೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು. ನಾನು ಬಂದಾಗ ಸದ್ದು ಬಲಕ್ಕೆ ಕೇಳಿತು. ಖುಷಿಯಿಂದ ಒಳಗೆ ಬಂದೆ. ಅವಳ ಮುಖ ಕೆಂಪಾಗಿ ಊದಿತ್ತು. ಟವೆಲು ಒಣಗಿ ಕಟಕಟ ಆಗಿತ್ತು. ಎರಡು ದಿನ ಮಲಗಿದಳು. ಡಾಕ್ಟರು ಈ ಸಲ ನನ್ನನ್ನು ಬೈದರು.

ಹುಕ್ಕೇರಿಯ ಹೊರಗೆ ಹೊಲಗಳ ಬದುವಿನಲ್ಲಿ ಬನ್ನಿ ಗಿಡಗಳಿದ್ದವು. ದಶಮಿಯ ಹಿಂದಿನ ದಿನ ಒಬ್ಬ ರೈತರನ್ನು ಕೇಳಿದೆ. ಅವರು ತಾವೇ ಕುಡಗೋಲು ತಂದು ಕೆಳಗಿನ ಟೊಂಗೆ ಸವರಿಕೊಟ್ಟರು. ‘ಗೋಕಾಂವಿಯಾಗ ಬನ್ನಿ ಇಲ್ಲೇನ್ರಿ?’ ಎಂದು ಗೋಕಾಕದ ಆಡುಹೆಸರು ಹಿಡಿದು ಕೇಳಿದರು. ‘ಐತ್ರಿ, ಅದಕ್ಕ ಒಯ್ಯಾಕತ್ತೇನಿ’ ಅಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಇನ್ನೆರಡು ಟೊಂಗೆ ಹಾಕಿದರು. ಗೋಣಿಚೀಲ ತುಂಬಿ ಬಸ್ಸು ಹತ್ತಿದೆ. ಕಂಡಕ್ಟರು ಚೀಲವನ್ನು ಕಾಲಿನಿಂದ ಒತ್ತಿ ನೋಡಿ, ‘ಏನ್ರಿ ಸಾಹೇಬರ, ಚೀಲಗಟ್ಟಲೆ ಬಂಗಾರಾ ಹೊತಗೊಂಡ ಹೊಂಟೀರಿ? ನಾಳೆ ಹರಿಯೋದನ್ನ ಇವತ್ತ ಹರಕೊಂಡೀರಲ್ಲ’ ಎಂದರು. ಅದು ನಿಜವೇ. ಹಿಂದಿನ ದಿನ ಹರಿದ ಬನ್ನಿ ನಡೆಯುತ್ತದೆಯೇ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಮರುದಿನ ಸಂಜೆ ಹೆಂಡತಿ ತನ್ನ ಹಳೆಯ ಇಳಕಲ್ ಸೀರೆಯನ್ನು ಗಿಡಕ್ಕೆ ಸುತ್ತಿದಳು, ದೇವಿಗೆ ಉಡಿಸಿದ ಹಾಗೆ, ತುದಿಯವರೆಗೆ. ಬುಡದಲ್ಲಿ ದೊಡ್ಡ ಬುಟ್ಟಿ, ಅದರ ತುಂಬ ಹುಕ್ಕೇರಿಯ ಬನ್ನಿ. ಮೇಲೆ ನೀರು ಚಿಮುಕಿಸಿದ್ದಳು. ಜನ ಬಂದು ನಿಂತರು. ಯಾರೂ ಸೀರೆ ಮುಟ್ಟಲಿಲ್ಲ. ಯಾರೂ ಬುಟ್ಟಿಗೂ ಕೈ ಹಾಕಲಿಲ್ಲ. ಎಲ್ಲರೂ ಕಾಕಾನ ದಾರಿ ಕಾಯುತ್ತಿದ್ದರು.

ಕಾಕಾ ಬಂದರು. ವಯಸ್ಸಾಗಿತ್ತು, ಕೋಲು ಹಿಡಿದಿದ್ದರು.

‘ಇದೇನಪಾ, ಬುಟ್ಟಿ ಬನ್ನಿ? ಸಂತಿ ಹಚ್ಚೀರೇನು?’

ಮಂದಿ ನಕ್ಕರು. ನನಗೆ ಸಿಟ್ಟು ಬಂತು. ಎಷ್ಟೋ ವರ್ಷ ಬೇರೆ ಊರುಗಳಲ್ಲಿ ಹೇಳುತ್ತಿದ್ದ ಕಥೆಯನ್ನು ಮೊದಲ ಸಲ ಅವರ ಮುಂದೆಯೇ ಹೇಳಿದೆ. ‘ಏನ ಮಾಡೂದ್ರಿ ಕಾಕಾ. ನಾ ಗಿಡಾ ಹಚ್ಚಿದೆ. ಆ ವರ್ಷ ನಾ ಕಚೇರ್ಯಾಗಿಂದ ಬರೂದರಾಗ ನೀವೆಲ್ಲಾ ಕೂಡಿ ಬೋಳಿಸಿ ಇಟ್ಟಿದ್ರಿ. ಅವತ್ತಿಂದ ಇಕಿ ನಿಮ್ಮ ಕಟ್ಟಿ ಮ್ಯಾಲ ಕುಂತಾಳ.’

ಕಾಕಾ ನನ್ನನ್ನು ನೋಡಿದರು, ಆಮೇಲೆ ನನ್ನ ಹೆಂಡತಿಯನ್ನು. ಉತ್ತರ ಅವಳಿಂದ ಬಂತು, ಬುಟ್ಟಿಯ ಎಲೆ ಸರಿಪಡಿಸುತ್ತಲೇ.

‘ದಸರಾಕ ಕಚೇರಿ ಸೂಟಿ ಇರತೈತ್ರಿ.’

ಆ ರಜೆ ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ; ಅವಳು ಬುಟ್ಟಿ ಸರಿಸುತ್ತ ಮುಂದುವರಿಸಿದಳು.

‘ಮೊದಲ ಹರಿದವರು ನೀವ. ಕಾಕಾ ಅಂದ್ರು, ಗಿಡಾ ಹಚ್ಚಿದವರು ಸಾಹೇಬರು, ಮೊದಲ ಅವರ ಕೈಯಿಂದ ಆಗಲಿ ಅಂತ. ನೀವ ಹರದ ಅವರ ಕೈಯಾಗ ಕೊಟ್ಟ ಕಾಲ ಬಿದ್ರಿ. ಮುಳ್ಳ ಚುಚ್ಚಿ ಹೆಬ್ಬಟ್ಟಿಗೆ ರಕ್ತ ಬಂದಿತ್ತು. ನಾನ ಅರಿಷಿಣಾ ಹಚ್ಚಿದೆ.’

‘ಮುಳ್ಳ ಚುಚ್ಚಿದ್ದು ಹಚ್ಚೋ ದಿನ’ ಅಂದೆ.

‘ಅಷ್ಟ ಎಳೀ ಸಸಿಗೆ ಎಲ್ಲಿದ್ದುವು ಮುಳ್ಳ?’

ನನಗೆ ಈಗಲೂ ಆ ಎಲೆ ಹರಿದದ್ದು ನೆನಪಿಲ್ಲ. ಎಷ್ಟು ಹಿಂಡಿದರೂ ಬರುವುದಿಲ್ಲ. ಹೆಬ್ಬೆರಳಿನ ನೋವು ನೆನಪಿದೆ. ಅದನ್ನು ಯಾವ ದಿನದಿಂದ ಕಿತ್ತು ಯಾವ ದಿನಕ್ಕೆ ನೆಟ್ಟೆನೋ. ಕಾಕಾ ‘ನಿಮ್ಮ ಕೈಯಿಂದ ಆಗಲಿ’ ಎಂದಾಗ ನನಗೆ ಎಷ್ಟು ಹಿಗ್ಗಾಗಿರಬೇಕು ಎಂದು ಊಹಿಸಬಲ್ಲೆ. ಗಿಡದ ಸಾಹೇಬ ಎಂದು ಕರೆಸಿಕೊಂಡವನಿಗೆ ಅವತ್ತೊಂದೇ ದಿನ ಓಣಿ ನಿಜವಾಗಿ ಸಾಹೇಬನ ಪಟ್ಟ ಕೊಟ್ಟಿತ್ತು. ನಾನು ಹರಿಯದಿದ್ದರೆ ಯಾರೂ ಹರಿಯುತ್ತಿರಲಿಲ್ಲವೋ ಏನೋ. ಕೆಸರಿನಲ್ಲಿ ಪಂಚೆ ಎತ್ತಿಕೊಂಡು ಬನ್ನಿಕಟ್ಟೆಯವರೆಗೆ ಹೋಗುತ್ತಿದ್ದರೋ ಏನೋ. ಇದೂ ನಾನು ಈಗ ಕಟ್ಟುತ್ತಿರುವ ಕಥೆ ಇರಬಹುದು.

ಹೆಂಡತಿ ಬುಟ್ಟಿಯಿಂದ ಒಂದು ಟಿಸಿಲು ಎತ್ತಿ ನನ್ನ ಕೈಗೆ ಕೊಟ್ಟಳು. ‘ಈಗೂ ನೀವ ಮೊದಲ ಕೊಡ್ರಿ. ಇಲ್ಲದಿದ್ರ ಯಾರೂ ಬುಟ್ಟಿಗೆ ಕೈ ಹಾಕೂದಿಲ್ಲ.’

ಕಾಕಾನ ಕಾಲು ಮುಟ್ಟಿ ಕೊಟ್ಟೆ. ಅವರು ಎಲೆಯನ್ನು ಮೂಗಿಗೆ ಹಿಡಿದರು.

‘ಬಾಡೇತಿ.’

‘ಹುಕ್ಕೇರಿಯಿಂದ ಬಂದೈತ್ರಿ, ಬಸ್ಸಿನ್ಯಾಗ.’

‘ಹಂಗಾರ ನನ್ನಷ್ಟ ದಣದೈತಿ, ಬಿಡ್ರಿ’ ಎಂದು ಟೋಪಿಯ ಅಂಚಿಗೆ ಸಿಕ್ಕಿಸಿಕೊಂಡರು. ಆಮೇಲೆ ಬಗ್ಗಿ ಬುಟ್ಟಿಯಿಂದ ತಾವೇ ಒಂದು ಎಲೆ ತೆಗೆದು ನನ್ನ ಹೆಂಡತಿಯ ಕೈಗೆ ಇಟ್ಟರು. ‘ಬಂಗಾರದ್ಹಾಂಗ ಇರೂನವಾ.’ ಅದಾದ ಮೇಲೆ ಎಲ್ಲರೂ ಬುಟ್ಟಿಗೆ ಬಂದರು. ಪಕ್ಕದ ಓಣಿಯ ಇಬ್ಬರು ಮಾತ್ರ, ಬುಟ್ಟಿ ಬನ್ನಿ ನಮಗೆ ನಡೆಯುವುದಿಲ್ಲ ಎಂದು, ಸೀರೆಯ ಅಡಿಯಲ್ಲಿ ಕೈ ತೂರಿಸಿ ಕೆಳಗಿನ ಎರಡು ಟೊಂಗೆ ಹರಿದುಕೊಂಡು ಹೋದರು. ತುದಿ ಉಳಿಯಿತು.

ಅವತ್ತಿನಿಂದ ಪ್ರತಿ ದಸರೆಗೆ ಹುಕ್ಕೇರಿಯಿಂದ ಒಂದು ಚೀಲ. ಇದರಲ್ಲಿ ದೊಡ್ಡತನವೇನಿಲ್ಲ. ಗೋಣಿಯ ಮುಳ್ಳು ಬೆನ್ನಿಗೆ ಚುಚ್ಚುತ್ತದೆ, ಬಸ್ಸಿನಲ್ಲಿ ಕೂಡಲು ಜಾಗ ಸಿಗುವುದಿಲ್ಲ, ಕಂಡಕ್ಟರು ಪ್ರತಿ ವರ್ಷ ಅದೇ ಚೇಷ್ಟೆ ಮಾಡುತ್ತಾರೆ. ಕಚೇರಿಯ ಲೆಕ್ಕದಲ್ಲಿ ಇಷ್ಟು ವರ್ಷ ನಾನು ನೆಡಿಸಿದ ಸಸಿಗಳು ಎಷ್ಟೋ. ಉಳಿದಿದೆ ಎಂದು ಬೆರಳು ತೋರಿಸಬಹುದಾದದ್ದು ಇದೊಂದು. ಅದೂ ನಾನು ಉಳಿಸಿದ್ದಲ್ಲ.

ಮೂರನೆಯ ಚೀಲದ ನಂತರದ ಬೇಸಿಗೆ. ಶನಿವಾರ, ಅರ್ಧ ದಿನದ ಕಚೇರಿ, ಮೂರು ಗಂಟೆಯ ಸುಮಾರಿಗೆ ಗೋಕಾಕದಲ್ಲಿ ಇಳಿದೆ. ಗುಡ್ಡ ಆಗಲೇ ಬಿಸಿ ಉಗುಳಲು ಶುರುಮಾಡಿತ್ತು. ಓಣಿಯ ಬಾಯಲ್ಲಿ ನಿಂತೆ. ಮಷೀನಿನ ಸದ್ದು ಬಲಕ್ಕೆ ಕೇಳಿತು. ಹಿಂದೊಮ್ಮೆ ಹೀಗೆ ಮೋಸಹೋಗಿದ್ದೆನಲ್ಲ, ಅದಕ್ಕೆ ಓಡಲಿಲ್ಲ. ಗೋಡೆ ಹಿಡಿದುಕೊಂಡು ನಿಧಾನ ನಡೆದೆ.

ಬಾಗಿಲಲ್ಲಿ ನಿಂತು ನೋಡಿದೆ. ಮಷೀನು ಹೊಸ್ತಿಲ ಹತ್ತಿರಕ್ಕೆ ಬಂದಿತ್ತು, ಅವಳೇ ಎಳೆದಿದ್ದಳು. ಬನ್ನಿಯ ನೆರಳು ಅವಳ ಕೈಯ ಮೇಲೆ, ಗಾಲಿಯ ಮೇಲೆ, ಹೊಲಿಯುತ್ತಿದ್ದ ಕೆಂಪು ಬಟ್ಟೆಯ ಮೇಲೆ ಇತ್ತು. ಗಟ್ಟಿ ನೆರಳಲ್ಲ. ಬನ್ನಿಗೆ ಅಂಥ ನೆರಳಿಲ್ಲ, ಬೇವಿಗಿದೆ. ಸಾವಿರ ತೂತಿನ ನೆರಳು. ತಗಡು ಮೇಲಿನಿಂದ ಕಾಯುತ್ತಲೇ ಇತ್ತು. ಅವಳ ಕುತ್ತಿಗೆಯ ಮೇಲೆ ಬೆವರಿತ್ತು. ಮುಖ ಕೆಂಪಾಗಿರಲಿಲ್ಲ. ಬೆನ್ನನ್ನು ಬಾಗಿಲಿನ ಚೌಕಟ್ಟಿಗೆ ಆನಿಸಿ ಕೂತಿದ್ದಳು.

‘ಹೆಂಗೈತಿ?’ ಅಂದೆ.

‘ನೆರಳ ಅಲ್ಲ ಇದು, ಜರಡಿ’ ಅಂದಳು. ತಲೆ ಎತ್ತಲಿಲ್ಲ. ‘ಹನ್ನೆರಡರಿಂದ ಎರಡು ಕೂಡಾಕ ಆಗೂದಿಲ್ಲ. ಎರಡರ ಮ್ಯಾಲ ನಡೀತೈತಿ.’

ಆ ನೆರಳಿನಲ್ಲಿ ಎಲೆಯಲ್ಲದ ನಾಲ್ಕು ನೇರ ಗೆರೆಗಳೂ ಇದ್ದವು. ಹೊರಗೆ ತಿರುಗಿ ನೋಡಿದೆ. ಕಾಕಾನ ಹಳೆಯ ಹಂಚಿನ ಜಾಗದಲ್ಲಿ ಹೊಸ ಸ್ಲ್ಯಾಬ್, ಅದರ ಅಂಚಿನಿಂದ ಮೇಲಿನ ಅಂತಸ್ತಿಗೆಂದು ಬಿಟ್ಟ ಕಬ್ಬಿಣದ ಸರಳುಗಳು ಮೇಲೆದ್ದಿದ್ದವು. ಆ ಅಂತಸ್ತು ಎದ್ದರೆ ನಮ್ಮ ಖೋಲಿಗೆ ಮಧ್ಯಾಹ್ನದಿಂದಲೇ ಗಟ್ಟಿ ನೆರಳು ಬರುತ್ತದೆ. ಗಾಳಿ ಹೋಗುತ್ತದೆ. ಬನ್ನಿಗೆ ಬಿಸಿಲು ಸಿಗುವುದಿಲ್ಲ.

‘ಯಾವಾಗ ಕಟ್ತಾರಂತ?’

‘ದೀಪಾವಳಿ ಆದ ಮ್ಯಾಲಂತ. ಕಾಕಾ ಅಂದ್ರು.’ ದಾರವನ್ನು ಹಲ್ಲಿನಿಂದ ಕಡಿದಳು. ‘ದಸರಾ ಅದಕ್ಕಿಂತ ಮೊದಲ ಐತಿ. ಚೀಲಾ ತಪ್ಪಸಬ್ಯಾಡ್ರಿ. ಮತ್ತ ಆ ಬಾಗಲದಾಗಿಂದ ಸರೀರಿ, ಇದ್ದ ಗಾಳೀನೂ ತಡದೀರಿ.’

ಸರಿದು ನಿಂತೆ. ಅವಳು ಪೆಡಲು ತುಳಿದಳು.